ಎಡಕ್ಕೆ ಸವೆದ ಹಾರ್ಮೋನಿಯಂ

ಮೊದಲೇ ಹೇಳಿಬಿಡುತ್ತೇನೆ, ಈ ಕೆಲಸದಲ್ಲಿ ಬೆನ್ನು ಹೋಗುತ್ತದೆ. ಆಮೇಲೆ ಕಣ್ಣು. ಕಿವಿ ಎಲ್ಲಕ್ಕಿಂತ ಕೊನೆಗೆ ಹೋಗುವುದು ಅಂತ ನಮ್ಮಪ್ಪ ಹೇಳುತ್ತಿದ್ದ. ನನ್ನದು ಇನ್ನೂ ಇದೆ, ಬೇಕಾದದ್ದಕ್ಕಿಂತ ಹೆಚ್ಚೇ ಇದೆ. ಹ್ಯಾನೋವರಿನ ಟ್ರಾಮಿನ ಬಾಗಿಲು ಮುಚ್ಚುವಾಗ ಆಗುವ ಸದ್ದು ಯಾವ ಸ್ವರದ್ದು ಎಂದು ತಲೆ ಇವತ್ತಿಗೂ ತಾನಾಗಿ ಹುಡುಕುತ್ತದೆ, ನನಗೆ ಬೇಡವೆಂದರೂ ಬಿಡುವುದಿಲ್ಲ. ನಿವೃತ್ತಿ ಸಿಕ್ಕಿದ್ದು ಕೈಗೆ ಮಾತ್ರ.

ಇದನ್ನು ಬರೆಯಲು ಹೇಳಿದವಳು ಅಶ್ವಿನಿ. ಮೈಸೂರಿನವಳು. ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವಳು ಅದನ್ನು ಬಿಟ್ಟು ನಮ್ಮ ವರ್ಕ್‌ಶಾಪಿಗೆ ಬಂದು ಹಾರ್ಮೋನಿಯಂ ರಿಪೇರಿ ಕಲಿತಳು. ಈಗ ನಾನು ಕೂರುತ್ತಿದ್ದ ಮೇಜು ಅವಳದು. ಹೋದ ತಿಂಗಳು ಮನೆಗೆ ಬಂದು ನನ್ನ ಹೆಂಡತಿ ಶಾಂತಾ ಮಾಡಿದ ಅವಲಕ್ಕಿ ತಿನ್ನುತ್ತಾ ಮಾತು ತೆಗೆದಳು.

"ಸರ್, ಹೊಸಬ್ರು ಇಬ್ರು ಜಾಯಿನ್ ಆಗ್ತಿದ್ದಾರೆ. ಟ್ಯೂನಿಂಗ್ ನಾನು ಹೇಳ್ಕೊಡ್ತೀನಿ. ಆದ್ರೆ ಆ ಫ್ಯಾಮಿಲಿಗಳು ಬರ್ತಾವಲ್ಲ, ಅವ್ರ ಹತ್ರ ಹೇಗಿರ್ಬೇಕು ಅನ್ನೋದನ್ನ ನೀವೇ ಬರ್ದುಬಿಡಿ."

"ಹೆಂಗಿರಬೇಕಂತ ನನಗೇನ ಗೊತ್ತೈತಿ ಯವ್ವಾ? ಜಲ್ಮಾ ಪೂರ್ತಿ ರೀಡ್ ಕೆರ್ಕೋತ ಕುಂತೀನಿ."

"ಅದನ್ನೇ ಬರೀರಿ. ಕನ್ನಡದಲ್ಲಿ ಬರೀರಿ, ಜರ್ಮನ್‌ಗೆ ನಾನು ಮಾಡ್ಕೋತೀನಿ."

ಕನ್ನಡದಲ್ಲಿ ಅಂದಮೇಲೆ ಒಪ್ಪಿಕೊಂಡೆ. ಗೊಣಗುವುದಕ್ಕೆ ಜರ್ಮನ್ ಭಾಷೆ ನನಗೆ ಇನ್ನೂ ಒಗ್ಗಿಲ್ಲ. ಇಲ್ಲಿ ಬರುವ ಜರ್ಮನ್ನರ, ಇಂಗ್ಲಿಷಿನವರ ಮಾತನ್ನೆಲ್ಲ ಕನ್ನಡಕ್ಕೆ ತಂದು ಬರೆದಿದ್ದೇನೆ. ಅವರು ಇಷ್ಟು ಸಲೀಸಾಗಿ ಮಾತಾಡಿದರು ಎಂದು ಯಾರೂ ತಿಳಿಯಬಾರದು.

ನಮ್ಮಪ್ಪನದು ಧಾರವಾಡದಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿ. ಹಾಡುವವರ ಕೈಪೆಟ್ಟಿಗೆಗಳ ಜೊತೆಗೆ ಮಿಶನ್ ಚರ್ಚಿನ, ಪೆಡಲು ತುಳಿದು ಗಾಳಿ ಹಾಕುವ ದೊಡ್ಡ ಕಾಲು ಹಾರ್ಮೋನಿಯಂ ಕೂಡ ಅವನ ಕೈಗೇ ಬರುತ್ತಿತ್ತು. ಹಿಂದೊಮ್ಮೆ ಜರ್ಮನಿಯಿಂದ ಹಡಗಿನಲ್ಲಿ ಬಂದ ವಾದ್ಯ ಅದು. ನಾನು ಅದರ ತಿದಿಗೆ ಚರ್ಮ ಅಂಟಿಸುವುದನ್ನು ನೋಡಿದ ಒಬ್ಬ ಜರ್ಮನ್ ಪಾದ್ರಿ ತನ್ನೂರಿನ ವರ್ಕ್‌ಶಾಪಿಗೆ ಬರೆದ, ಹಾಗೆ ನಾನು ಹ್ಯಾನೋವರಿಗೆ ಬಂದೆ. ಇಲ್ಲಿಯ ಕನ್ನಡ ಸಂಘದ ಹುಡುಗರು ಗಣೇಶನ ಹಬ್ಬದಲ್ಲಿ ಸಿಕ್ಕಾಗ "ಅಂಕಲ್, ನೀವು ಯಾವ ಕಂಪನಿ?" ಎಂದು ಕೇಳುತ್ತಾರೆ. ಹಾರ್ಮೋನಿಯಂ ರಿಪೇರಿ ಎಂದರೆ ನಗುತ್ತಾರೆ, ಆಮೇಲೆ ನಾನು ನಗದೇ ಇದ್ದದ್ದು ನೋಡಿ ಸುಮ್ಮನಾಗುತ್ತಾರೆ. "ಲೇ ಮಗಾ, ನಿಜವಾಗ್ಲೂ ಕಣೋ," ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ್ದೂ ಕೇಳಿಸಿದೆ.

ಕೆಲಸವೆಂದರೆ ಇಷ್ಟೇ. ಹಿತ್ತಾಳೆಯ ಸಣ್ಣ ನಾಲಿಗೆ, ಅದನ್ನೇ ರೀಡು ಅನ್ನುವುದು. ತಿದಿಯ ಗಾಳಿ ಹೋಗುವಾಗ ಅದು ಕಂಪಿಸಿ ಸ್ವರ ಬರುತ್ತದೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದ ಲೋಹವನ್ನು ಮತ್ತೆ ಹಾಕಲು ಬರುವುದಿಲ್ಲ. ಉಳಿದದ್ದೆಲ್ಲ ಧೂಳು, ಇಲಿ ಕಡಿದ ಉಣ್ಣೆ, ಮತ್ತು ನುಸಿ. "ನಿಮ್ಮ ಅಂಗೀಗೆ ಕಂಚಗಾರರ ಓಣಿ ವಾಸನಿ ಬರ್ತೈತಿ," ಎಂದು ಶಾಂತಾ ಬೇಜಾರು ಮಾಡಿಕೊಳ್ಳುತ್ತಿದ್ದಳು.

ಬಂದ ಹೊಸದರಲ್ಲಿ ನಾನು ಮಾಡಿದ ಎಡವಟ್ಟು ನಮ್ಮ ಕಡೆಯವನು ಮಾತ್ರ ಮಾಡಬಹುದಾದದ್ದು. ಒಂದು ಹಳ್ಳಿ ಚರ್ಚಿನ ಹಾರ್ಮೋನಿಯಂ ಶ್ರುತಿ ಮಾಡಲು ಯಜಮಾನರು ನನ್ನೊಬ್ಬನನ್ನೇ ಬಿಟ್ಟರು. ಯಜಮಾನರೆಂದರೆ ಹೆರ್ ಬ್ರಾಂಟ್, ಕಡ್ಡಿಯಂಥ ಮನುಷ್ಯ, ಮಾತೂ ಅಷ್ಟೇ. ನಮ್ಮ ಕಡೆ ಷಡ್ಜ ಹಿಡಿದು, ತಂಬೂರಿಯೊಳಗೆ ತಾನಾಗಿ ಕೇಳುವ ಗಾಂಧಾರಕ್ಕೆ ಸ್ವರ ಕೂರಿಸುತ್ತೇವಲ್ಲ, ಹಾಗೆಯೇ ಕೂರಿಸಿದೆ. ಭಾನುವಾರ ಮೊದಲ ಹಾಡು ಜೇನಿನಂತೆ ಬಂತು, ಪಾದ್ರಿ ತಿರುಗಿ ನನ್ನ ಕಡೆ ತಲೆದೂಗಿದರು. ಎರಡನೆಯ ಹಾಡನ್ನು ಬೇರೆ ಮನೆಯಿಂದ, ಬೆರಳು ಒತ್ತುವ ಕಪ್ಪು ಬಿಳಿ ಪಟ್ಟಿಗೆ ನಾವು ಮನೆ ಅನ್ನುವುದು, ಎತ್ತಿಕೊಂಡರು ನೋಡಿ, ಇಡೀ ವಾದ್ಯ ಊಳಿಟ್ಟಿತು. ಒಂದೇ ಷಡ್ಜಕ್ಕೆ ಕಟ್ಟಿದ ವಾದ್ಯ ಇನ್ನೊಂದಕ್ಕೆ ಹೊಂದುವುದಿಲ್ಲ, ಇವರ ಚರ್ಚಿನಲ್ಲಿ ಪ್ರತಿ ಹಾಡಿಗೂ ಷಡ್ಜ ಬೇರೆ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಕಿವಿಯ ಮೇಲೆ ಟೊಪ್ಪಿಗೆ ಎಳೆದುಕೊಂಡರು.

ಬ್ರಾಂಟ್ ಬಯ್ಯಲಿಲ್ಲ. "ಒಂದು ಹಾಡಿಗೆ ಸ್ವರ್ಗ, ಉಳಿದದ್ದಕ್ಕೆಲ್ಲ ನರಕ. ಪಾದ್ರಿಗೆ ಎರಡೂ ಗೊತ್ತಿರುವಂಥದ್ದೇ. ಆದರೂ ಮತ್ತೆ ಮಾಡು," ಎಂದರು. ಮತ್ತೆ ಮಾಡಿದೆ. ಎಲ್ಲಾ ಸ್ವರಗಳನ್ನೂ ಒಂದಿಷ್ಟಿಷ್ಟು ತಪ್ಪಿಸಿದರೆ ಎಲ್ಲಾ ಹಾಡೂ ಒಂದಿಷ್ಟಿಷ್ಟು ಸರಿಯಾಗುತ್ತವೆ. ಇವರು ಅದಕ್ಕೇ ಶ್ರುತಿ ಎನ್ನುತ್ತಾರೆ. ನನ್ನ ಕಿವಿ ಅದನ್ನು ಒಪ್ಪಿಕೊಳ್ಳಲು ಬಹಳ ವರ್ಷ ಹಿಡಿಯಿತು.

ಆ ಫ್ಯಾಮಿಲಿಗಳು ಎಂದು ಅಶ್ವಿನಿ ಹೇಳಿದಳಲ್ಲ, ಅವರ ಮಾತಿಗೆ ಬರುತ್ತೇನೆ. ಹಿಟ್ಲರನ ಕಾಲಕ್ಕೆ ಮೊದಲು ಈ ಕಡೆಯ ಹಲವು ಯಹೂದಿ ಪ್ರಾರ್ಥನಾ ಮಂದಿರಗಳಲ್ಲಿ ಹಾರ್ಮೋನಿಯಂ ಇತ್ತು, ಮನೆಗಳಲ್ಲೂ ಇತ್ತು. ಜನರನ್ನು ಒಯ್ದು ಕೊಂದರು. ಸಾಮಾನುಗಳನ್ನು ಹರಾಜು ಹಾಕಿದರು, ಊರವರೇ ಕೊಂಡರು. ಬದುಕಿ ಉಳಿದ ಕೆಲವರು ದೂರ ದೇಶಗಳಿಗೆ ಹೋಗಿ ಬಾಯಿ ಮುಚ್ಚಿಕೊಂಡು ಬಾಳಿದರು. ಅವರ ಮಕ್ಕಳು, ಮೊಮ್ಮಕ್ಕಳು ಈಗ ಬರುತ್ತಾರೆ. ಬಾಯಿಬಿಡದ ತಾಯಿಯ ಬದಲು ವಾದ್ಯ ಮಾತಾಡೀತು ಅಂದುಕೊಂಡು ಬರುತ್ತಾರೆ.

ಮೊದಲು ಬಂದವರಲ್ಲಿ ಬ್ರೆಜಿಲಿನ ಒಬ್ಬರು ನೆನಪಿದ್ದಾರೆ. ಅಜ್ಜನ ಸಣ್ಣ ಕಾನ್ಸರ್ಟಿನಾ ತಂದಿದ್ದರು, ಎರಡೂ ಕೈಯಲ್ಲಿ ಹಿಡಿದು ಎಳೆಯುವ ತಿದಿಪೆಟ್ಟಿಗೆ. ಅದರ ಪಟ್ಟಿ ಬಿಗಿದಿದ್ದರು. "ಇದನ್ನು ತೆರೆಯದೆ ರಿಪೇರಿ ಮಾಡೋಕಾಗುತ್ತಾ? ಕೊನೆಗೆ ಮುಚ್ಚಿದ್ದು ನಮ್ಮಜ್ಜ. ಒಳಗಿರುವುದು ಅವರ ಕಾಲದ ಗಾಳಿ," ಎಂದರು. ಚರ್ಮದಲ್ಲಿ ನೂರು ತೂತು, ಗಾಳಿ ಎಂದೋ ಹೋಗಿದೆ ಎನ್ನಲು ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಬ್ರಾಂಟ್ ನನ್ನ ಪಾದದ ಮೇಲೆ ಬೂಟು ಇಟ್ಟು ಒತ್ತಿದರು. ಆಮೇಲೆ ಬಂದವರಿಗೆ, "ತೆರೆಯದೆ ಆಗುವುದಿಲ್ಲ. ತೆರೆಯುವಾಗ ನೀವೇ ಹತ್ತಿರ ಇರಿ," ಎಂದರು. ತೆರೆದಾಗ ಅವರು ಮುಖ ಹತ್ತಿರ ತಂದು ಉಸಿರು ಎಳೆದುಕೊಂಡರು. ಬಂದದ್ದು ಹಳೆಯ ಅಂಟಿನ ವಾಸನೆ. ಅವರಿಗೆ ಸಾಕಾಯಿತು.

ಅವರು ಹೋದಮೇಲೆ ಬ್ರಾಂಟ್ ಹೇಳಿದ್ದು, ಹೊಸಬರಿಗೆ ನಾನು ಕೊಡಬಹುದಾದ ಬುದ್ಧಿಮಾತೆಂದರೆ ಇದೊಂದೇ: "ವಾದ್ಯಕ್ಕೆ ಏನು ನೆನಪಿದೆ ಅಂತ ಗಿರಾಕಿಗೆ ನೀನು ಹೇಳಬೇಡ. ಏನೂ ನೆನಪಿಲ್ಲ ಅಂತಲೂ ಹೇಳಬೇಡ."

ಇದು ಕೇಳಲು ಚೆಂದ, ದಿನಾ ಪಾಲಿಸಲು ಸುಸ್ತು. ಈ ಕಲೆ ರಕ್ತವಾ ಎಂದು ಕೇಳುತ್ತಾರೆ. ಅದು ಮೇಣ. ಈ ಗೀರು ಅವರ ಉಗುರಿನದಾ ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲ. ಅಳುವವರಿಗೆ ನೀರು ಕೊಡಬೇಕು, ನಾವು ಅಳಬಾರದು, ರೀಡಿಗೆ ತೇವ ಆಗಿಬರುವುದಿಲ್ಲ. ಮೊದಮೊದಲು ಸಂಜೆ ಮನೆಗೆ ಬಂದು ಶಾಂತಾಳಿಗೆ ಎಲ್ಲ ಹೇಳುತ್ತಿದ್ದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು, ನಾನು ಹೇಳುವುದನ್ನು ಬಿಟ್ಟೆ.

ಅದಕ್ಕಿಂತ ಸುಸ್ತು ಸಭೆಗಳದು. ನವೆಂಬರಿನಲ್ಲಿ, ಜನವರಿಯಲ್ಲಿ ಕೊಲೆಯಾದ ಆ ಜನರ ಸ್ಮರಣೆಯ ದಿನಗಳು ಬಂದವೆಂದರೆ ಊರೂರಿನ ಪುರಸಭೆಗಳಿಂದ ಫೋನು. ಒಬ್ಬ ಅಧಿಕಾರಿಣಿ ನನ್ನ ಅಡ್ಡಹೆಸರು ಹಿಡಿದು, "ಹೆರ್ ಬಡಿಗೇರ, ಹೋದ ಸಲ ವಾದ್ಯ ಸ್ವಲ್ಪ ಖುಷಿಯಾಗಿ ಕೇಳಿಸಿತು. ಈ ಸಲ ದುಃಖವಾಗಿ ಟ್ಯೂನ್ ಮಾಡಿಕೊಡಿ," ಎಂದರು. ವಾದ್ಯದಲ್ಲಿ ಜೋರು ಮತ್ತು ಮೆಲ್ಲಗೆ ಎರಡೇ ಇರುವುದು, ಉಳಿದದ್ದು ನುಡಿಸುವವರದು ಎಂದು ಹೇಳಿದೆ. ಅವರಿಗೆ ಹಿಡಿಸಲಿಲ್ಲ. ಮೆಟ್ಟಿಲ ಮೇಲೆ ಹಾರ್ಮೋನಿಯಂ ಹೊತ್ತು, ಭಾಷಣ ಕೇಳಿ, ಬಿಳಿ ಹೂವು ಇಟ್ಟ ಮೇಜಿನ ಮೇಲಿನ ಕಾಫಿ ಕುಡಿದು, ಮತ್ತೆ ಮೆಟ್ಟಿಲಿಳಿಸುವುದು. ದೂರದಿಂದ ಬಂದ ಮೊಮ್ಮಗಳೊಬ್ಬಳು ಮೂಲೆಯಲ್ಲಿ ಒಬ್ಬಳೇ ನಿಂತಿರುತ್ತಾಳೆ, ಅವಳ ಜೊತೆ ಫೋಟೋ ತೆಗೆಸಿಕೊಂಡವರು ಅವಳ ಹೆಸರನ್ನು ಇನ್ನೊಮ್ಮೆ ಕೇಳಿಕೊಳ್ಳುತ್ತಿರುತ್ತಾರೆ. ನನಗೆ ಆ ಸಭೆಗಳು ಸಾಕಾಗಿದ್ದವು. ಹೇಳಿಕೊಳ್ಳುವಂಥ ಮಾತಲ್ಲ, ಆದರೆ ನಿಜ.

ಪದ್ಧತಿಗಳೂ ಬದಲಾದವು. ನಾನು ಕಲಿತದ್ದು ಕಿವಿಯಿಂದ. ಆಮೇಲೆ ಮುಳ್ಳು ಓಡುವ ಯಂತ್ರ ಬಂತು, ಈಗ ಅಶ್ವಿನಿಯ ಫೋನಿನಲ್ಲಿ ಎಲ್ಲ ಬಣ್ಣಬಣ್ಣವಾಗಿ ಕಾಣುತ್ತದೆ. ಮುರಿದ ಮನೆಗಳಿಗೆ ಅವಳು ಕಂಪ್ಯೂಟರಿನಲ್ಲಿ ಅಚ್ಚು ಮಾಡಿಸುತ್ತಾಳೆ, ನಾನು ಮನೆಗಳ ಮೇಲೆ ಅಂಟಿಸುವ ಮೂಳೆಯ ಹೊದಿಕೆ ಉಜ್ಜುತ್ತಾ ಕೂತಿರುತ್ತಿದ್ದಷ್ಟು ಹೊತ್ತಿನಲ್ಲಿ ಅವಳ ಇಡೀ ಸಾಲು ಮುಗಿದಿರುತ್ತದೆ. ಮೊದಲು ಮೂಗು ಮುರಿದೆ. ಆಮೇಲೆ ನನ್ನ ಕಣ್ಣು ಮಂಜಾದಾಗ ಅವಳ ಫೋನನ್ನೇ ಕೇಳಿ ಪಡೆಯತೊಡಗಿದೆ.

ಈಗ ಹೇಳುವುದು ನಾನು ಕೆಲಸ ಬಿಡುವ ಮೊದಲಿನ ವಸಂತದಲ್ಲಿ ನಡೆದದ್ದು. ಬ್ರಾಂಟ್ ತೀರಿಕೊಂಡು ಬಹಳ ಕಾಲವಾಗಿತ್ತು.

ಹ್ಯಾನೋವರಿನ ಉತ್ತರಕ್ಕಿರುವ ಒಂದು ಹಳ್ಳಿಯಿಂದ ಫ್ರಾವ್ ಮೆಂಕೆ ಎಂಬ ಹೆಂಗಸು ಕುದುರೆ ಸಾಗಿಸುವ ಗಾಡಿಯಲ್ಲಿ ಒಂದು ಕಾಲು ಹಾರ್ಮೋನಿಯಂ ತಂದರು. ಅರವತ್ತರ ಆಸುಪಾಸು, ರೈತರ ಮನೆಯವರು, ದೊಡ್ಡ ಕೈಗಳು. ಅಜ್ಜ ಹರಾಜಿನಲ್ಲಿ ಕೊಂಡದ್ದು ಎಂದಷ್ಟೇ ಅವರ ಮನೆಯಲ್ಲಿ ಹೇಳುತ್ತಿದ್ದರಂತೆ. ನುಡಿಸುತ್ತಿದ್ದವಳು ಲೇನೆ, ಇವರ ಸೋದರತ್ತೆ, ಮದುವೆಯಾಗದೆ ಆ ಮನೆಯಲ್ಲೇ ಮುದುಕಿಯಾದವಳು. ಅವಳು ಸತ್ತ ಮೇಲೆ ಮನೆ ಖಾಲಿ ಮಾಡುವಾಗ ಇವರು ಮುಚ್ಚಳದ ಮೇಲೆ ಅಂಟಿಸಿದ್ದ ಕ್ರೋಶಾ ಬಟ್ಟೆಯನ್ನು ಕಿತ್ತರು. ಅದರ ಕೆಳಗೆ ಹಿತ್ತಾಳೆಯ ಸಣ್ಣ ಫಲಕ, ಪಕ್ಕದೂರಿನ ಯಹೂದಿ ಪ್ರಾರ್ಥನಾ ಮಂದಿರದ ಹೆಸರು.

"ಚಿಕ್ಕಂದಿನಲ್ಲಿ ಆ ಬಟ್ಟೆಯ ಮೇಲೆ ಹಾಲಿನ ಲೋಟ ಇಡುತ್ತಿದ್ದೆ," ಎಂದರು ಫ್ರಾವ್ ಮೆಂಕೆ. "ಯಾರದ್ದು ಅಂತ ನಾನು ಒಂದು ದಿನವೂ ಕೇಳಲಿಲ್ಲ."

ಆ ಮಂದಿರದಲ್ಲಿ ನುಡಿಸುತ್ತಿದ್ದ ಮೇಷ್ಟರ ವಂಶ ಇಂಗ್ಲೆಂಡಿನಲ್ಲಿರುವುದನ್ನು ಅವರೇ ಹುಡುಕಿದ್ದರು. ಮೇಷ್ಟರ ಮಗಳು ಬೆರ್ಟಾ ಹದಿಹರೆಯದಲ್ಲಿ ಹಿಟ್ಲರನ ಸೆರೆಕ್ಯಾಂಪಿಗೆ ಸಿಕ್ಕಿ, ಮನೆಯವರಲ್ಲಿ ಒಬ್ಬಳೇ ಬದುಕಿ, ಲೀಡ್ಸ್ ಸೇರಿದಳು. ಅವಳ ಮಗಳು ಹಾನ್ನಾ, ಈಗ ಎಪ್ಪತ್ತು ದಾಟಿದವರು. ಹಾನ್ನಾರ ಮಗಳು ರೂತ್, ಶಾಲೆಯಲ್ಲಿ ಸಂಗೀತದ ಟೀಚರ್. ವಾದ್ಯವನ್ನು ರಿಪೇರಿ ಮಾಡಿಸಿ ಅವರಿಗೇ ಒಪ್ಪಿಸುವುದೆಂದು ಮಾತಾಗಿತ್ತು.

ರೂತ್ ಮೊದಲು ಒಬ್ಬರೇ ಬಂದರು. ಚುರುಕು ಹೆಂಗಸು, ನಿದ್ದೆ ಕೆಟ್ಟ ಕಣ್ಣು. ಅಜ್ಜಿ ಬೆರ್ಟಾ ಮನೆಯಲ್ಲಿ ಜರ್ಮನ್ ಮಾತಾಡಲಿಲ್ಲ, ಊರಿನ ಮಾತು ತೆಗೆಯಲಿಲ್ಲ. ಪಾತ್ರೆ ತೊಳೆಯುವಾಗ ಮಾತ್ರ ಒಂದು ಧಾಟಿಯನ್ನು ಬಹಳ ನಿಧಾನವಾಗಿ, ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದರಂತೆ. ಅಜ್ಜಿಯಿಂದ ಈ ಕುಟುಂಬಕ್ಕೆ ಬಂದದ್ದು ಅಷ್ಟೇ. ಅದು ಮೇಷ್ಟರು ಮಂದಿರದಲ್ಲಿ ನುಡಿಸುತ್ತಿದ್ದ ಪ್ರಾರ್ಥನೆಯೇ ಇರಬೇಕೆಂದು ರೂತ್ ನಂಬಿದ್ದರು. ಅದನ್ನು ನಾಲ್ಕು ತಂತಿವಾದ್ಯಗಳಿಗೆ ಹೊಂದಿಸಿ, 'ಹೆಸರಿಲ್ಲದ ಪ್ರಾರ್ಥನೆ' ಎಂದು ಹೆಸರಿಟ್ಟು, ಊರೂರಿನಲ್ಲಿ ನುಡಿಸಿದ್ದರು.

"ಅಮ್ಮನ ಕಿವಿ ಹೋಗುತ್ತಿದೆ," ಎಂದರು. "ಈ ವರ್ಷ ಕಳೆದರೆ ಏನೂ ಕೇಳಿಸುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಅಷ್ಟರೊಳಗೆ ಆ ಧಾಟಿಯನ್ನ ಈ ಹಾರ್ಮೋನಿಯಂನಲ್ಲಿ ಅವಳಿಗೆ ಕೇಳಿಸಬೇಕು. ಮುತ್ತಾತನ ಕೈಯಲ್ಲಿ ಹೇಗೆ ಕೇಳುತ್ತಿತ್ತೋ ಹಾಗೆ."

ಬಿಚ್ಚಿ ನೋಡಿದೆವು. ಮೊದಲು ಕಂಡದ್ದು ಪೆಡಲುಗಳು. ಎಡಗಾಲಿನದು ತಟ್ಟೆಯಂತೆ ತಗ್ಗಾಗಿ ಸವೆದಿತ್ತು, ಬಲಗಾಲಿನದು ಹೊಸದರಂತಿತ್ತು. ಆಮೇಲೆ ರೀಡುಗಳು. ಎಲ್ಲದರ ತುದಿಯನ್ನೂ ಯಾರೋ ಕೆರೆದು ಹಳೆಯ ಶ್ರುತಿಯಿಂದ ಇಂದಿನ ಶ್ರುತಿಗೆ ಒಂದೆಳೆ ಏರಿಸಿದ್ದರು, ಅದೂ ಒರಟು ಕೈ. ಇದನ್ನು ರೂತ್‌ಗೆ ಹೇಳಲೇಬೇಕಿತ್ತು. ಹೇಳಿದೆ.

"ನಮ್ಮ ಮುತ್ತಾತನಿಗೆ ಕಾಲು ಸರಿ ಇರಲಿಲ್ಲವಾ?" ಎಂದು ಅವರು ಆಸೆಯಿಂದ ಕೇಳಿದರು. ಏನಾದರೂ ಒಂದು ಹೊಸ ಸುದ್ದಿ ಸಿಕ್ಕಿತೆಂಬ ಆಸೆ ಅದು.

ಫೋನಿನಲ್ಲಿ ಫ್ರಾವ್ ಮೆಂಕೆಯನ್ನು ಕೇಳಿದೆವು. ಅವರು, "ಲೇನೆ ಅತ್ತೆಗೆ ಪೋಲಿಯೋ ಆಗಿತ್ತು. ಬಲಗಾಲು. ಸಾಯುವ ತನಕ ದಿನಾ ಸಂಜೆ ನುಡಿಸುತ್ತಿದ್ದಳು," ಎಂದರು. ಶ್ರುತಿ ಏರಿಸಿದ್ದೂ ಅವರ ಮನೆಯವರೇ, ಲೇನೆಯ ಅಣ್ಣನ ಕ್ಲಾರಿನೆಟ್‌ಗೆ ಹೊಂದಲಿ ಎಂದು.

ರೂತ್ ಆ ಪೆಡಲಿನ ಮೇಲೆ ಇಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಎಲ್ಲ ತೆಗೆದುಹಾಕಿ," ಎಂದರು. "ಪೆಡಲು, ಮನೆಗಳ ಮೇಲಿನ ಹೊದಿಕೆ, ಎಲ್ಲಾ. ರೀಡುಗಳನ್ನ ಹಳೆಯ ಶ್ರುತಿಗೆ ಇಳಿಸಿ. ನಮ್ಮದಲ್ಲದ್ದು ಇದರಲ್ಲಿ ಏನೂ ಇರಬಾರದು."

ತುದಿ ಕೆರೆದ ರೀಡನ್ನು ಇಳಿಸಬೇಕೆಂದರೆ ಈಗ ಬುಡವನ್ನೂ ಕೆರೆಯಬೇಕು. ಆಗಲೇ ತೆಳ್ಳಗಾಗಿದ್ದವು. ಈಗ ನುಡಿಯಬಹುದು, ಬರುವ ಚಳಿಗಾಲದಲ್ಲಿ ಒಂದೊಂದಾಗಿ ಮುರಿಯಬಹುದು, ಅಂಥವು ಈಗ ಎಲ್ಲೂ ಸಿಗುವುದಿಲ್ಲ. ಇದನ್ನೆಲ್ಲ ಹೇಳಿದೆ. ಯೋಚನೆ ಮಾಡಿ ಹೇಳುತ್ತೇನೆ ಎನ್ನದೆ ಅವರು, "ಮಾಡಿ," ಎಂದು ಹೋದರು.

ಆ ಮಧ್ಯಾಹ್ನ ನನಗೂ ಅಶ್ವಿನಿಗೂ ವಾದವಾಯಿತು.

"ಅವ್ರ ಇನ್‌ಸ್ಟ್ರುಮೆಂಟ್ ಸರ್. ರಿಸ್ಕ್ ಏನು ಅಂತ ಹೇಳಿದ್ದೀವಿ, ಅವ್ರು ಓಕೆ ಅಂದಿದ್ದಾರೆ. ಮಾಡಿಕೊಡೋದು ನಮ್ಮ ಕೆಲಸ ಅಲ್ವಾ?"

"ಹೌದವಾ. ಖರೇನ ಐತಿ ನೀ ಹೇಳೂದು."

"ಮತ್ತೆ?"

"ಮತ್ತೇನಿಲ್ಲ. ಕೈ ಏಳವಲ್ದು. ಅವರ ತಾಯಿ ಒಮ್ಮೆ ಬರ್ಲಿ. ಆಕಿ ಶ್ರುತಿ ಯಾವ್ದಂತ ಕೇಳೂನು. ಆಮ್ಯಾಲ ಕೆರಿಯೂಣಂತ."

ಇದು ನಮ್ಮಪ್ಪನ ರೂಢಿ. ಪೆಟ್ಟಿಗೆ ತಂದವರನ್ನು ಮೊದಲು ಹಾಡಿಸುತ್ತಿದ್ದ, 'ಕಾಳಿ ಒಂದಾ, ಕಾಳಿ ಎರಡಾ' ಎಂದು ಅವರ ಗಂಟಲು ಕೂರುವ ಕಪ್ಪು ಮನೆ ಯಾವುದೆಂದು ನೋಡಿಕೊಂಡ ಮೇಲೆಯೇ ಅರ ಹಿಡಿಯುತ್ತಿದ್ದ. ನಮ್ಮ ಕಡೆ ಹಾಡುವವರು ವಾದ್ಯಕ್ಕೆ ಹೊಂದಿಕೊಳ್ಳುವುದಿಲ್ಲ, ವಾದ್ಯವೇ ಅವರ ಬೆನ್ನು ಹಿಡಿಯಬೇಕು. ಅಶ್ವಿನಿಗೆ ಇದು ಕಾಲಹರಣ ಎನಿಸಿತು. ಅವಳು ತಪ್ಪೆಂದು ನಾನು ಹೇಳಲಾರೆ, ಅರ್ಧ ಅದು ಕಾಲಹರಣವೇ ಆಗಿತ್ತು.

ರೀಡು ಮುಟ್ಟದೆ ವಾದ್ಯವನ್ನು ಮತ್ತೆ ಜೋಡಿಸಿಟ್ಟೆವು. ವಾರ ಕಳೆದು ಹಾನ್ನಾ ಬಂದರು, ಕೋಲು ಹಿಡಿದುಕೊಂಡು, ಎರಡೂ ಕಿವಿಗೆ ಯಂತ್ರ. ಬೆಳಗಿನ ಹೊತ್ತು. ಫ್ರಾವ್ ಮೆಂಕೆಯೂ ಬಂದಿದ್ದರು, ಬರಬೇಕೋ ಬೇಡವೋ ತಿಳಿಯದ ಮುಖದಲ್ಲಿ. ಇಡೀ ತಟ್ಟೆ ಬೆಣ್ಣೆ ಕೇಕು ಮಾಡಿ ತಂದಿದ್ದರು. ಅದನ್ನು ಯಾರೂ ಮುಟ್ಟಲಿಲ್ಲ. ರೂತ್ ಅವರ ಕೈ ಕುಲುಕಿದರು, ಮಾತಾಡಿಸಲಿಲ್ಲ.

ನಾನು ಹಾನ್ನಾರ ಎದುರು ಕೂತು, ತುಟಿ ಕಾಣುವಂತೆ ನಿಧಾನವಾಗಿ, "ನಿಮ್ಮ ತಾಯಿ ಗುನುಗುತ್ತಿದ್ದದ್ದನ್ನ ಗುನುಗುತ್ತೀರಾ?" ಎಂದು ಕೇಳಿದೆ.

ಅವರು ಕಣ್ಣು ಮುಚ್ಚಿ ಗುನುಗಿದರು. ಮುದಿ ಗಂಟಲು, ಒಡೆದ ದನಿ, ಆದರೆ ಧಾಟಿ ಅಲುಗಲಿಲ್ಲ. ನಾನು ಒಂದೊಂದೇ ಮನೆ ಒತ್ತಿ ನೋಡಿದೆ. ಅವರದು ಹಳೆಯ ಶ್ರುತಿಯೂ ಅಲ್ಲ, ಹೊಸದೂ ಅಲ್ಲ, ಅವರದೇ. ಒಂದು ಕಪ್ಪು ಮನೆಯಿಂದ ಹಿಡಿದರೆ ಹೆಚ್ಚುಕಮ್ಮಿ ಹೊಂದುತ್ತಿತ್ತು.

ಆಗ ಅಶ್ವಿನಿ ನನ್ನ ತೋಳು ಮುಟ್ಟಿದಳು. ಕಿಟಕಿಯ ಹತ್ತಿರ ನಿಂತಿದ್ದ ಫ್ರಾವ್ ಮೆಂಕೆಯ ತುಟಿಗಳು ಅಲುಗುತ್ತಿದ್ದವು. ರೂತ್ ಕೂಡ ನೋಡಿದರು.

"ನಿಮಗೆ ಇದು ಗೊತ್ತಾ?"

ಫ್ರಾವ್ ಮೆಂಕೆ ಕಿಟಕಿ ಬಿಟ್ಟು ಮೇಜಿನ ಹತ್ತಿರ ಬಂದರು. "ಇಷ್ಟು ನಿಧಾನ ಅಲ್ಲ," ಎಂದರು. "ಇದು ಬಾತುಗಳನ್ನ ಮನೆಗೆ ಹೊಡೆಯುವ ಹಾಡು. ನಮ್ಮ ಎರಡು ಮೂರು ಹಳ್ಳಿಗಳಲ್ಲಿ ಮಾತ್ರ ಇದೆ. ಲೇನೆ ಅತ್ತೆ ದಿನಾ ಸಂಜೆ ನುಡಿಸುತ್ತಿದ್ದದ್ದು ಇದನ್ನೇ." ಮೇಜಿನ ಮೇಲೆ ಬೆರಳಿನಿಂದ ಬೇಗಬೇಗ ತಾಳ ಹಾಕಿ ಹಳ್ಳಿ ಮಾತಿನಲ್ಲಿ ಎರಡು ಸಾಲು ಹೇಳಿದರು. ಬನ್ನಿ ಬಿಳಿಯರೇ, ಬಾಗಿಲು ತೆರೆದಿದೆ, ಕತ್ತಲಾಗುವುದರೊಳಗೆ ಎಲ್ಲರೂ ಒಳಗೆ ಬನ್ನಿ ಎಂದು ಬಿಳಿ ಬಾತುಗಳನ್ನು ಕರೆಯುವ ಅರ್ಥ. ಧಾಟಿ ಒಂದು ಸ್ವರವೂ ಬಿಡದೆ ಕೂತಿತು.

ರೂತ್ ಸ್ಟೂಲಿನ ಮೇಲೆ ಕುಸಿದರು.

"ಪ್ರಾರ್ಥನೆ ಅಲ್ಲವಾ?" ಎಂದರು. ಅವರು ಫ್ರಾವ್ ಮೆಂಕೆಯ ಕಡೆ ತಿರುಗಿ, "ಹಾಗಾದರೆ ಇದೂ ನಿಮ್ಮದೇ ಆಯಿತು," ಎಂದರು.

ಹಾನ್ನಾಗೆ ಇದಾವುದೂ ಕೇಳಿಸಿರಲಿಲ್ಲ. "ಏನು? ಏನಂತೆ?" ಎಂದು ಕೇಳುತ್ತಿದ್ದರು. ಮಗಳು ತಾಯಿಯ ಕಿವಿಗೆ ಬಾಯಿಟ್ಟು ಕೂಗಿ ಹೇಳಬೇಕಾಯಿತು. "ಬಾತುಕೋಳಿ ಹಾಡಂತೆ ಅಮ್ಮಾ. ಪ್ರಾರ್ಥನೆ ಅಲ್ಲವಂತೆ. ಇವರೂರಿನ ಮಕ್ಕಳ ಹಾಡಂತೆ." ಇಂಥದ್ದನ್ನು ಕೂಗಿ ಹೇಳುವುದು ಎಷ್ಟು ಕಷ್ಟ ಎಂದು ಅವತ್ತು ನೋಡಿದೆ.

ಹಾನ್ನಾ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

"ಅಮ್ಮನಿಗೆ ಬಾತು ಕಂಡರೆ ಭಯ," ಎಂದರು. "ಪಾರ್ಕಿನಲ್ಲಿ ನನ್ನನ್ನ ಎತ್ತಿಕೊಂಡು ಓಡುತ್ತಿದ್ದಳು. ಯಾಕೆ ಅಂತ ಹೇಳುತ್ತಿರಲಿಲ್ಲ. ಅಂದರೆ ಚಿಕ್ಕಂದಿನಲ್ಲಿ ಅವಳು ಬಾತು ಹೊಡೆಯೋಕೆ ಹೋಗುತ್ತಿದ್ದಳು." ಅವರ ಮುಖದಲ್ಲಿ ನಗು ಬಂತು. ತಾಯಿಯ ಬಗ್ಗೆ ಇಷ್ಟು ವಯಸ್ಸಿನಲ್ಲಿ ಹೊಸದೊಂದು ತಿಳಿದವರ ನಗು.

"ಆದರೆ ಹಾಡು ಇವರದು ಅಮ್ಮಾ."

"ಯಾಕೆ ಇವರದು? ಅಮ್ಮನೂ ಅಲ್ಲೇ ಹುಟ್ಟಿದವಳು. ಮನೆ ತಗೊಂಡರು, ಪೆಟ್ಟಿಗೆ ತಗೊಂಡರು. ಹಾಡನ್ನ ನೀನಾಗಿ ಯಾಕೆ ಕೊಡುತ್ತೀ ರೂತ್?"

ರೂತ್ ತಾಯಿಯ ಕೈ ಹಿಡಿದುಕೊಂಡು ಅತ್ತರು. ನಾನು ನೀರು ತಂದಿಟ್ಟೆ. ಹಾನ್ನಾ ನನ್ನತ್ತ ತಿರುಗಿ ಏನೂ ಕೆರೆಯಬೇಡಿ ಎಂದರು. ಅವರಿಗೆ ಈಗಲೇ ಕೇಳಬೇಕಿತ್ತು, ಇನ್ನೊಂದು ಟೆರ್ಮಿನ್, ಎಂದರೆ ಬರುವ ದಿನ, ಹಾಕಿಸಿಕೊಂಡು ಬರುವಷ್ಟು ಕಿವಿ ಇರಲಿಲ್ಲ. ರೀಡುಗಳನ್ನು ನಾವು ಮುಟ್ಟಲಿಲ್ಲ. ವಾದ್ಯ ಈಗ ಲೀಡ್ಸಿನಲ್ಲಿದೆ. ಹೊಸ ಪೆಡಲು ಮಾಡಿ ಹಳೆಯದನ್ನೂ ಜೊತೆಗೆ ಕಳಿಸಿದೆವು, ಯಾವುದನ್ನು ಇಟ್ಟುಕೊಂಡರೋ ನಾನು ಕೇಳಲಿಲ್ಲ.

ಆ ಬೆಳಿಗ್ಗೆ ಹಾನ್ನಾ ಇನ್ನೊಂದು ಕೆಲಸ ಮಾಡಿದರು. ಫ್ರಾವ್ ಮೆಂಕೆಯನ್ನು ಹತ್ತಿರ ಕರೆದು, ತನ್ನ ಕಿವಿಗೆ ಹಾಡಿನ ಮಾತುಗಳನ್ನು ಜೋರಾಗಿ ಹೇಳಿಸಿದರು. ಒಂದು ಸಾಲು ಇವರು, ಹಿಂದೆಯೇ ಅವರು. ಲೀಡ್ಸಿನ ನಾಲಿಗೆಯಲ್ಲಿ ಆ ಹಳ್ಳಿ ಮಾತು ತ್ರಾಸದಿಂದ ಹೊರಳಿತು. ತಪ್ಪಿದಾಗೆಲ್ಲ ಮತ್ತೆ ಹೇಳಿಸಿದರು, ಬಾಯಿಪಾಠ ಆಗುವವರೆಗೆ ಬಿಡಲಿಲ್ಲ.

ರೂತ್ ವಾದ್ಯದ ಮುಂದೆ ಕೂತರು. ಕೈಗಳನ್ನು ಮನೆಗಳ ಮೇಲೆ ಇಟ್ಟರು. ಕಾಲು ಮುಂದೆ ಹೋಗಲಿಲ್ಲ. ಆ ತಗ್ಗಿನಲ್ಲಿ ತನ್ನ ಪಾದ ಇಡಲು ಅವರಿಂದಾಗಲಿಲ್ಲ. ಫ್ರಾವ್ ಮೆಂಕೆ, "ನಾನು ಒತ್ತಲಾ?" ಎಂದು ಮೆಲ್ಲಗೆ ಕೇಳಿದರು. ರೂತ್ ಬೇಡವೆಂದು ತಲೆ ಅಲ್ಲಾಡಿಸಿದರು.

ನಮ್ಮ ಕಡೆ ಹಾರ್ಮೋನಿಯಂಗೆ ಗಾಳಿ ಹಾಕುವುದು ಕೈಯಿಂದ. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎರಡೂ ಪೆಡಲಿನ ಮೇಲೆ ಕೈ ಇಟ್ಟೆ. ಮಂಡಿ ಬೇಡವೆಂದಿತು. "ಸರ್, ನಾನು ಮಾಡ್ತೀನಿ, ನೀವು ಏಳಿ," ಎಂದಳು ಅಶ್ವಿನಿ. "ಇರ್ಲಿ ಬಿಡವಾ, ಹೆಂಗೂ ಕುಂತೀನಿ," ಎಂದು ಒತ್ತತೊಡಗಿದೆ. ಎಡಗೈ ಸವೆದ ತಗ್ಗಿನಲ್ಲಿ, ಬಲಗೈ ಸವೆಯದ ಮರದ ಮೇಲೆ.

ರೂತ್ ಆ ಕಪ್ಪು ಮನೆಯಿಂದ ಎತ್ತಿಕೊಂಡರು, ತಮ್ಮ ಅಭ್ಯಾಸದ ನಿಧಾನದಲ್ಲಿ. ಹಾನ್ನಾ ಕಿವಿಯ ಯಂತ್ರ ಕಿತ್ತು, ಹಣೆಯನ್ನು ಮುಚ್ಚಳದ ಮರಕ್ಕೆ ಆನಿಸಿ, ಮಗಳ ತೋಳನ್ನು ತಟ್ಟಿ ತಟ್ಟಿ ವೇಗ ಹೆಚ್ಚಿಸಿದರು. ನಾನೂ ಬೇಗ ಒತ್ತಬೇಕಾಯಿತು. ಹಾನ್ನಾ ಹಾಡಿದರು. ಬನ್ನಿ ಬಿಳಿಯರೇ, ಬಾಗಿಲು ತೆರೆದಿದೆ.

ಎರಡನೆಯ ಸಾಲಿಗೆ ಫ್ರಾವ್ ಮೆಂಕೆಯ ದನಿಯೂ ಸೇರಿತು. ಅವರಿಗೆ ಗೊತ್ತಾಗದೆಯೇ ಸೇರಿರಬೇಕು, ಹುಟ್ಟಿದಾಗಿನಿಂದ ಕೇಳಿದ ಹಾಡು. ಹಾನ್ನಾಗೆ ಆ ದನಿ ಹೇಗೆ ತಿಳಿಯಿತೋ, ಮರದಲ್ಲಿ ಬಂತೋ, ಕಣ್ಣಿಗೆ ಕಂಡಿತೋ. ಹಣೆ ಎತ್ತದೆ ಒಂದು ಕೈ ಮೇಲೆ ಮಾಡಿದರು.

"ನೀವು ಹಾಡಬೇಡಿ," ಎಂದರು. "ನೀವು ಕೇಳಿ."

ಆ ದನಿ ನಿಂತಿತು. ನೆಲದಿಂದ ನನಗೆ ಕಾಣುತ್ತಿದ್ದದ್ದು ಫ್ರಾವ್ ಮೆಂಕೆಯ ಕೆಸರು ಒಣಗಿದ ಬೂಟುಗಳು ಮಾತ್ರ. ಅವು ಬಾಗಿಲಿನ ಕಡೆ ತಿರುಗುತ್ತವೆಂದು ಕಾದೆ. ತಿರುಗಲಿಲ್ಲ. ಹಾನ್ನಾ ಹಾಡನ್ನು ಮೊದಲಿನಿಂದ ಎತ್ತಿಕೊಂಡರು, ನಾನು ಗಾಳಿ ಹಾಕುತ್ತಾ ಹೋದೆ.